ಡೆಂಗ್ಯೂ ಬಂದ ಬಾಣಂತಿ ಹಾಲು ಕುಡಿಸಬಾರದು ಅಂತ ನಮ್ಮ ಬ್ಯಾಚಿನವರೇ ಹೇಳುತ್ತಿದ್ದಾರೆ. ಕೋವಿಡ್ ಕಾಲದ ಇಂಟರ್ನ್‌ಗಳು ಏನು ಮಾಡಿದಿರಿ?

ಹಾಸ್ಟೆಲ್ ಸಾರು ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಹೌಸ್ ಸರ್ಜನ್, ಅಂದರೆ ಇಂಟರ್ನ್, ಈಗ ಓಬಿಜಿ (ಹೆರಿಗೆ ವಿಭಾಗ) ಪೋಸ್ಟಿಂಗ್. ಕಾಲೇಜು ಯಾವುದು ಅಂತ ಮಾತ್ರ ಕೇಳಬೇಡಿ. ನಮ್ಮ ವಾರ್ಡಿನಲ್ಲಿ ಮೊನ್ನೆ ನಾರ್ಮಲ್ ಡೆಲಿವರಿ ಆದ ಒಬ್ಬರಿಗೆ ಮಾರನೇ ದಿನ ಜ್ವರ ಬಂತು. ಡೆಂಗ್ಯೂ ಪತ್ತೆಯ ಎನ್‌ಎಸ್1 ಟೆಸ್ಟ್ ಕಳಿಸಿದೆವು, ಪಾಸಿಟಿವ್. ಪ್ಲೇಟ್‌ಲೆಟ್ 92 ಸಾವಿರ. ಬಿಪಿ ಸರಿ ಇದೆ, ಎಲ್ಲೂ ಬ್ಲೀಡಿಂಗ್ ಇಲ್ಲ, ಬೆಳಿಗ್ಗೆ ಎರಡು ಇಡ್ಲಿ ತಿಂದು ಕೂತಿದ್ದರು. ಆದರೆ ಮಗು ಪಕ್ಕದಲ್ಲಿ ಇರಲಿಲ್ಲ. ಹೊರಗಡೆ ಬೆಂಚಿನ ಮೇಲೆ ಅಜ್ಜಿಯ ತೊಡೆಯಲ್ಲಿತ್ತು, ಪುಡಿ ಹಾಲು ಶುರುವಾಗಿತ್ತು. ಯಾರು ಹೇಳಿದ್ದು ಅಂತ ವಿಚಾರಿಸಿದರೆ ಸೀನಿಯರೂ ಅಲ್ಲ, ಸಿಸ್ಟರೂ ಅಲ್ಲ, ನಮ್ಮ ಬ್ಯಾಚಿನ ಹುಡುಗನೇ ರೌಂಡ್ಸ್‌ಗೆ ಮುಂಚೆ "ಸದ್ಯಕ್ಕೆ ಕುಡಿಸಬೇಡಿ, ಸೇಫ್ ಸೈಡ್ ಇರಲಿ" ಅಂದುಬಿಟ್ಟಿದ್ದಾನೆ.

ಡೆಂಗ್ಯೂ ಕೆಮ್ಮಿದರೆ ಅಂಟುವ ಕಾಯಿಲೆ ಅಲ್ಲ ಕಣೋ ಅಂದೆ. ಅದು ಅವನಿಗೂ ಗೊತ್ತು. ನೀಟ್ ಪಿಜಿಗೆ, ಅಂದರೆ ಸ್ನಾತಕೋತ್ತರ ಪ್ರವೇಶ ಪರೀಕ್ಷೆಗೆ ಓದುತ್ತಿರುವವನು, ಸೊಳ್ಳೆಯ ವಂಶಾವಳಿಯನ್ನೇ ಹೇಳಬಲ್ಲ. ಆದರೂ "ಕೋವಿಡ್‌ನಲ್ಲಿ ಎಲ್ಲ ಬೇರೆ ಇಡ್ತಿದ್ದರಂತೆ, ಔಟ್‌ಬ್ರೇಕ್ ಅಂದಮೇಲೆ ನಾವ್ಯಾಕೆ ರಿಸ್ಕ್ ತಗೊಳ್ಳೋದು" ಅನ್ನುತ್ತಾನೆ. ನಮ್ಮ ಯೂನಿಟ್ಟಿನ ಏಳು ಇಂಟರ್ನ್‌ಗಳಲ್ಲಿ ಅವನೂ ಸೇರಿ ನಾಲ್ಕು ಜನ ಆ ಕಡೆ. ಇಬ್ಬರು ಫೋನ್ ನೋಡುತ್ತಿದ್ದರು. ಉಳಿದವಳು ನಾನು.

ನಾವೆಲ್ಲ ಕೋವಿಡ್ ಬಂದಾಗ ಪಿಯುಸಿಯಲ್ಲೋ ಫಸ್ಟ್ ಇಯರಲ್ಲೋ ಇದ್ದವರು. ಆಗ ವಾರ್ಡಿನಲ್ಲಿ ನಿಜಕ್ಕೂ ಏನು ನಡೆಯಿತು ಅಂತ ನಮಗೆ ಗೊತ್ತಿಲ್ಲ, ಕೇಳಿದ ಕತೆಗಳು ಅಷ್ಟೇ. ಆಗ ಇಂಟರ್ನ್ ಅಥವಾ ಪಿಜಿ ಆಗಿದ್ದವರು ಇಲ್ಲಿ ಇದ್ದರೆ ಹೇಳಿ: ತಾಯಿ ಪಾಸಿಟಿವ್ ಆದಾಗ ಎದೆಹಾಲಿನ ಬಗ್ಗೆ ನಿಮ್ಮ ತಲೆಯಲ್ಲಿ ಏನು ಓಡುತ್ತಿತ್ತು? ಪುಸ್ತಕದಲ್ಲಿ ಏನಿದೆ ಅಂತ ನಾನು ಓದಿಕೊಳ್ಳುತ್ತೇನೆ. ಈ "ಸೇಫ್ ಸೈಡ್" ಅನ್ನೋದು ಎಲ್ಲಿಂದ ಬರುತ್ತದೆ ಅಂತ ತಿಳಿಯಬೇಕು. ನಾಳೆ ಬೆಳಿಗ್ಗೆ ರೌಂಡ್ಸ್‌ನಲ್ಲಿ ಬಾಯಿ ಬಿಡಬೇಕೋ ಬೇಡವೋ ಅಂತಲೂ.

---

ಗಾಗಲ್ ಮಂಜು ಉತ್ತರ:

ನಾಳೆ ತನಕ ಯಾಕೆ ಕಾಯುತ್ತೀರಿ, ಇವತ್ತೇ ಡ್ಯೂಟಿ ಪಿಜಿಗೆ ಫೋನ್ ಮಾಡಿ. ಆಮೇಲೆ ನನ್ನ ಕತೆ ಓದಿ. ಇದನ್ನು ನಾನು ಹೆಚ್ಚು ಜನಕ್ಕೆ ಹೇಳಿಲ್ಲ.

ನಾನು 2021ರ ಬ್ಯಾಚಿನ ಇಂಟರ್ನ್. ಮೇ ತಿಂಗಳು. ಆಗ ಒಂದೇ ದಿನದಲ್ಲಿ ರಾಜ್ಯದ ಕೇಸು 50 ಸಾವಿರ ದಾಟಿತ್ತು. ಇಂಟರ್ನ್‌ಗಳನ್ನೂ ಕೋವಿಡ್ ಡ್ಯೂಟಿಗೆ ಹಾಕಿ ಅಂತ ದೆಹಲಿಯಿಂದಲೇ ಬಂದಿತ್ತು. ನೀಟ್ ಪಿಜಿ ಮುಂದೆ ಹೋಗಿತ್ತು, ಯಾವಾಗ ಅಂತ ಯಾರಿಗೂ ಗೊತ್ತಿರಲಿಲ್ಲ. ನನ್ನನ್ನು ಒಂದು ಸರ್ಕಾರಿ ಆಸ್ಪತ್ರೆಯ ಪಾಸಿಟಿವ್ ಲೇಬರ್ ವಾರ್ಡಿಗೆ ಹಾಕಿದರು. ಪಿಪಿಇ ಒಳಗೆ ಆರು ಗಂಟೆ. ಹತ್ತು ನಿಮಿಷಕ್ಕೆ ಗಾಗಲ್ ಮಂಜಾಗುತ್ತಿತ್ತು, ಎದುರಿಗೆ ಇರೋರು ಯಾರು ಅಂತ ಗೊತ್ತಾಗಲು ಎದೆ ಮೇಲೆ ಸ್ಕೆಚ್ ಪೆನ್ನಲ್ಲಿ ಹೆಸರು ಬರೆದುಕೊಳ್ಳುತ್ತಿದ್ದೆವು.

ಒಬ್ಬ ತಾಯಿ. ಸಿಸೇರಿಯನ್ ಆಗಿ ಮೂರನೇ ದಿನ. ಪಾಸಿಟಿವ್, ಆದರೆ ಉಸಿರಾಟಕ್ಕೆ ತೊಂದರೆ ಇಲ್ಲ, ರಕ್ತದ ಆಕ್ಸಿಜನ್ ಸ್ಯಾಚುರೇಷನ್ 98. ಮಗು ಬೇರೆ ಕೋಣೆಯಲ್ಲಿ, ಪುಡಿ ಹಾಲಿನಲ್ಲಿ. ಅವತ್ತು ಬೆಳಿಗ್ಗೆ ಅವರಿಗೆ ಜ್ವರ ಏರಿತು. ನನಗೆ ಕೈಕಾಲು ತಣ್ಣಗಾಯಿತು, ಯಾಕಂದರೆ ಆಗ ನಾಲ್ಕೈದು ದಿನ ಚೆನ್ನಾಗಿದ್ದವರು ಒಂದೇ ರಾತ್ರಿ ಕುಸಿಯುವುದನ್ನು ಪಕ್ಕದ ವಾರ್ಡಿನಲ್ಲಿ ನೋಡುತ್ತಿದ್ದೆವು. ಸಿಆರ್‌ಪಿ, ಡಿ-ಡೈಮರ್ ರಕ್ತಪರೀಕ್ಷೆ ಕಳಿಸಿದೆ, ಎದೆಯ ಎಚ್‌ಆರ್‌ಸಿಟಿ ಸ್ಕ್ಯಾನಿಗೆ ಫಾರಂ ತುಂಬಿದೆ, ಮೆಡಿಸಿನ್ ಪಿಜಿಗೆ ಕಾಲ್ ಮಾಡಿದೆ. ಎರಡು ಗಂಟೆ ಇದೇ ಓಡಾಟ. ಅಷ್ಟರಲ್ಲಿ ಶಿಫ್ಟ್ ಬದಲಾಗಿ ಒಬ್ಬ ವಯಸ್ಸಾದ ಸಿಸ್ಟರ್ ಬಂದರು. ಅವರು ಥರ್ಮಾಮೀಟರ್ ನೋಡಲಿಲ್ಲ, ಕೇಸ್‌ಶೀಟ್ ನೋಡಲಿಲ್ಲ. ಹೊದಿಕೆ ಸರಿಸಿ ಎದೆ ಮುಟ್ಟಿದರು. "ಡಾಕ್ಟ್ರೇ, ಕಲ್ಲಾಗಿದೆ ನೋಡಿ" ಅಂದರು. ಎರಡೂ ಕಡೆ. ಗೌನಿನ ಮುಂಭಾಗ ಒದ್ದೆಯಾಗಿ ಒಣಗಿ ಬಿರುಸಾಗಿತ್ತು. ಅದು ನನ್ನ ಕಣ್ಣೆದುರೇ ಇತ್ತು. ಐವಿ ಸೋರಿರಬೇಕು ಅಂತ ಅಂದುಕೊಂಡಿದ್ದೆ!

ಬಿಸಿ ನೀರಿನ ಬಟ್ಟೆ ಇಟ್ಟು, ಕೈಯಲ್ಲಿ ಮೆಲ್ಲಗೆ ಹಿಂಡಿ, ಸ್ಟೀಲ್ ಲೋಟದಲ್ಲಿ ಹಾಲು ತೆಗೆದರು. ಅರ್ಧ ಲೋಟ ಬಂತು. ಸಂಜೆಗೆ ಜ್ವರ ಇಳಿಯಿತು. ನಾನು ಕಳಿಸಿದ್ದ ರಿಪೋರ್ಟು ಮಾರನೇ ದಿನ ಬಂದವು, ಅದರಲ್ಲಿ ಹೇಳಿಕೊಳ್ಳುವಂಥದ್ದು ಏನೂ ಇರಲಿಲ್ಲ. ಇನ್ನೊಂದು ಹೇಳಲೇಬೇಕು. ಆ ಅರ್ಧ ಲೋಟ ಹಾಲನ್ನು ಚೆಲ್ಲಿದೆವು. ಯಾಕೆ? ತಾಯಿ ಪಾಸಿಟಿವ್ ಅಲ್ವಾ. ನಾನೇ ಹೇಳಿದ್ದು ಚೆಲ್ಲಿ ಅಂತ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ನನಗೆ ಗೊತ್ತಿರಲಿಲ್ಲವಾ? ಗೊತ್ತಿತ್ತು. ವಿಶ್ವ ಆರೋಗ್ಯ ಸಂಸ್ಥೆ 2020ರ ಮಾರ್ಚ್‌ನಿಂದಲೇ ಮಾಸ್ಕ್ ಹಾಕಿ, ಕೈ ತೊಳೆದು ಕುಡಿಸಿ ಅಂತ ಹೇಳುತ್ತಿತ್ತು. ನಾನು ಡ್ಯೂಟಿಗೆ ಹೋಗುವ ಹೊತ್ತಿಗೆ ಒಂದು ವರ್ಷ ಆಗಿತ್ತು. ಆ ಎಂಸಿಕ್ಯೂ ಕೊಟ್ಟಿದ್ದರೆ ನಿದ್ದೆಗಣ್ಣಲ್ಲೂ ಸರಿ ಉತ್ತರ ಒತ್ತುತ್ತಿದ್ದೆ. ಆದರೆ ವಾರ್ಡಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ: ನಾನು ಕುಡಿಸಿ ಅಂತ ಹೇಳಿ ನಾಳೆ ಮಗು ಪಾಸಿಟಿವ್ ಬಂದರೆ, "ಯಾರು ಹೇಳಿದ್ದು" ಅಂತ ಕೇಳುತ್ತಾರೆ. ಬೇಡ ಅಂತ ಹೇಳಿ ಮಗುವಿಗೆ ಆರು ತಿಂಗಳ ಮೇಲೆ ಭೇದಿ ಬಂದರೆ ನನ್ನನ್ನು ಯಾರೂ ಹುಡುಕಿಕೊಂಡು ಬರಲ್ಲ. ನಿಮ್ಮ ಹುಡುಗನ ಸೇಫ್ ಸೈಡ್ ಇದೇ. ಅದು ಮಗುವಿನ ಸೇಫ್ ಸೈಡ್ ಅಲ್ಲ, ಅವನದು.

ಇನ್ನೊಂದು ಸಣ್ಣ ವಿಷಯ, ನಗಬೇಡಿ. ಪುಡಿ ಹಾಲನ್ನು ಕೇಸ್‌ಶೀಟಿನಲ್ಲಿ ಬರೆಯಬಹುದು. ಇಷ್ಟು ಎಂಎಲ್, ಎರಡು ಗಂಟೆಗೊಮ್ಮೆ. ಬರೆದಾಗ ಏನೋ ಮಾಡಿದೆ ಅನ್ನಿಸುತ್ತದೆ. ಎದೆಹಾಲಿಗೆ ಏನು ಬರೆಯೋದು? "ತಾಯಿ ಕುಡಿಸುತ್ತಿದ್ದಾರೆ." ಅಷ್ಟೇ. ಇಂಟರ್ನ್‌ಗೆ ನಂಬರ್ ಬೇಕು.

---

ರೇಷ್ಮೆ ಗೂಡು ಉತ್ತರ:

ಮೇಲಿನವರು ತಮ್ಮನ್ನು ತಾವೇ ಜಾಸ್ತಿ ಬೈದುಕೊಂಡಿದ್ದಾರೆ ಅನ್ನಿಸಿತು. ನಾನು ಮೊದಲ ಅಲೆಯಲ್ಲಿ ಮಕ್ಕಳ ವಿಭಾಗದ ಸೆಕೆಂಡ್ ಇಯರ್ ಪಿಜಿ. ಆಗಿನ ಚಿತ್ರವನ್ನೂ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಈಗಿನ ಹುಡುಗರಿಗೆ ನಾವೆಲ್ಲ ಸುಮ್ನೆ ಹೆದರಿಕೊಂಡ ದಡ್ಡರು ಅಂತ ಕಾಣುತ್ತದೆ.

2020ರ ಶುರುವಿನಲ್ಲಿ ಚೀನಾದ ತಜ್ಞರು ಮಗುವನ್ನು 14 ದಿನ ಬೇರೆ ಇಡಿ, ತಾಯಿ ಹಾಲು ಬೇಡ ಅಂದರು. ಆಗ ಜಗತ್ತಿನಲ್ಲಿ ಈ ಕಾಯಿಲೆಯ ಅನುಭವ ಇದ್ದದ್ದೇ ಅವರಿಗೆ, ಅವರ ಮಾತು ಕೇಳದೆ ಯಾರ ಮಾತು ಕೇಳೋಣ? ಏಪ್ರಿಲ್‌ನಲ್ಲಿ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಹಾಲು ಹಿಂಡಿ ಕೊಡಬಹುದು, ಆದರೆ ತಾಯಿ ಮಗುವನ್ನು ಸದ್ಯಕ್ಕೆ ಬೇರೆ ಇಡಿ ಅಂತ ಹೇಳಿತು. ಇತ್ತ ವಿಶ್ವ ಆರೋಗ್ಯ ಸಂಸ್ಥೆ ಒಟ್ಟಿಗೇ ಇಡಿ ಅನ್ನುತ್ತಿತ್ತು. ನಮ್ಮ ದೇಶದ ಹೆರಿಗೆ ಮತ್ತು ಮಕ್ಕಳ ವೈದ್ಯರ ಸಂಘಗಳಾದ ಫೋಗ್ಸಿ, ಎನ್‌ಎನ್‌ಎಫ್, ಐಎಪಿ ಸೇರಿ ಕೊಟ್ಟ ಮಾರ್ಗಸೂಚಿ ಬಂತು, ಅದೂ ಪರಿಷ್ಕರಣೆ ಆಗುತ್ತಾ ಹೋಯಿತು. ಜುಲೈ ಕೊನೆಗೆ ಅಮೆರಿಕದವರೂ ಮನಸ್ಸು ಬದಲಿಸಿ ಒಟ್ಟಿಗೆ ಇಡಬಹುದು ಅಂದರು. ಇವೆಲ್ಲ ನಮಗೆ ಸಿಕ್ಕಿದ್ದು ಎಲ್ಲಿ? ವಾಟ್ಸಾಪ್‌ನಲ್ಲಿ, ಪಿಡಿಎಫ್ ಆಗಿ, ರಾತ್ರಿ ಹನ್ನೊಂದಕ್ಕೆ. ಯಾವುದು ಹಳೆಯದು ಯಾವುದು ಹೊಸದು ಅಂತ ನೋಡಲು ಯಾರಿಗೆ ಪುರುಸೊತ್ತು? ಮೊದಲು ಓದಿದ್ದು ತಲೆಯಲ್ಲಿ ಕೂತುಬಿಡುತ್ತದೆ. ಮೊದಲು ಬಂದದ್ದು "ಬೇಡ" ಅನ್ನೋದು. ಆಮೇಲೆ ಬಂದ "ಕುಡಿಸಿ" ಅದನ್ನು ಅಳಿಸಲಿಲ್ಲ. ನೀವು ಕೇಳಿದಿರಲ್ಲ ಎಲ್ಲಿಂದ ಬರುತ್ತದೆ ಅಂತ, ನನ್ನ ಪ್ರಕಾರ ಅರ್ಧ ಇಲ್ಲಿಂದ.

ಮತ್ತೆ ಜಾಗದ ಪ್ರಶ್ನೆ. ತಾಯಿ ಮಗು ಒಟ್ಟಿಗೆ ಅಂದಾಗ ಮಾರ್ಗಸೂಚಿ ಬರೆದವರ ಕಣ್ಣಲ್ಲಿ ಇದ್ದದ್ದು ಒಂದು ಕೋಣೆ, ಒಂದು ಮಂಚ, ಒಂದು ತೊಟ್ಟಿಲು. ನಮ್ಮಲ್ಲಿ ಇದ್ದದ್ದು ಉದ್ದನೆಯ ಹಾಲ್. ಆ ತಾಯಿ ಮಾಸ್ಕ್ ಹಾಕುತ್ತಾರೆ ಸರಿ, ಪಕ್ಕದ ಮಂಚದಲ್ಲಿ ಕೆಮ್ಮುತ್ತಿರುವ ಇನ್ನು ಹನ್ನೆರಡು ಜನರ ಉಸಿರಿಗೆ ಏನು ಮಾಡೋದು? ಹಾಗಾಗಿ ಕೆಲವು ದಿನ ನಾವೂ ಬೇರೆ ಇಟ್ಟೆವು. ಅದು ತಪ್ಪು ಅಂತ ನಾನು ಇವತ್ತಿಗೂ ಒಪ್ಪುವುದಿಲ್ಲ. ತಪ್ಪಾದದ್ದು ಎಲ್ಲಿ ಅಂದರೆ, ಬೇರೆ ಇಟ್ಟಮೇಲೆ ಹಾಲು ಹಿಂಡಿ ತಂದು ಕೊಡುವ ವ್ಯವಸ್ಥೆ ಮಾಡಲಿಲ್ಲ. ಪಾಸಿಟಿವ್ ವಾರ್ಡಿನಿಂದ ಆಚೆ ಲೋಟ ತರುವವರು ಯಾರು ಅಂತ ಮೂರು ದಿನ ಚರ್ಚೆ ಆಯಿತು. ಮೂರು ದಿನ ಪುಡಿ ಹಾಲು.

ಹಾಲಿನಲ್ಲಿ ವೈರಸ್ ಇದೆಯಾ ಅನ್ನೋದಕ್ಕೆ ಆ ವರ್ಷವೇ ಉತ್ತರ ಬಂತು. ಆಗಸ್ಟ್ ಹೊತ್ತಿಗೆ ಅಮೆರಿಕದ ಒಂದು ಅಧ್ಯಯನ 18 ತಾಯಂದಿರ 64 ಮಾದರಿ ಪರೀಕ್ಷಿಸಿತ್ತು. ಒಂದರಲ್ಲಿ ಮಾತ್ರ ವೈರಸ್‌ನ ಆರ್‌ಎನ್‌ಎ ತುಣುಕು ಸಿಕ್ಕಿತು, ಅದರಲ್ಲೂ ಬದುಕಿರುವ ವೈರಸ್ ಇರಲಿಲ್ಲ. ನ್ಯೂಯಾರ್ಕಿನ ಇನ್ನೊಂದು ತಂಡ 82 ಕೂಸುಗಳನ್ನು ವಾರದ ತನಕ ಹಿಂಬಾಲಿಸಿತು. ಹೆಚ್ಚಿನವು ತಾಯಿ ಜೊತೆ ಒಂದೇ ಕೋಣೆಯಲ್ಲಿದ್ದು ಎದೆಹಾಲು ಕುಡಿದವು. ಐದರಿಂದ ಏಳನೇ ದಿನದಲ್ಲಿ ಮತ್ತೆ ಪರೀಕ್ಷೆ ಮಾಡಿದ ಯಾವ ಮಗುವೂ ಪಾಸಿಟಿವ್ ಬರಲಿಲ್ಲ. ಅದನ್ನು ನಾನು ಪ್ರಿಂಟ್ ಹಾಕಿ ಡ್ಯೂಟಿ ರೂಮಿನ ಬಾಗಿಲಿಗೆ ಅಂಟಿಸಿದ್ದೆ. ಎಷ್ಟು ಜನ ಓದಿದರೋ ಗೊತ್ತಿಲ್ಲ, ಅದರ ಮೇಲೆ ಯಾರೋ ಬಿರಿಯಾನಿ ಆರ್ಡರ್ ನಂಬರ್ ಬರೆದಿದ್ದರು.

---

ಒಳಲೆ ಉತ್ತರ:

ನಾನು ಸ್ಟಾಫ್ ನರ್ಸ್. ಹೆರಿಗೆ ವಾರ್ಡಿನಲ್ಲೇ 22 ವರ್ಷ. ಡಾಕ್ಟರುಗಳ ಚರ್ಚೆ ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಬೇಜಾರು ಮಾಡಿಕೊಳ್ಳಬೇಡಿ.

ಗೈಡ್‌ಲೈನ್, ಭಯ, ಜಾಗ ಎಲ್ಲ ಸರಿ. ಆದರೆ ನಾನು ನೋಡಿದ ಮಟ್ಟಿಗೆ ನಿಜವಾದ ಕಾರಣ ಬೇರೆ. ನಿಮಗೆ ಹಾಲು ಕುಡಿಸಲು ಸಹಾಯ ಮಾಡೋಕೆ ಬರಲ್ಲ. ತಪ್ಪು ತಿಳಿಯಬೇಡಿ, ಕಲಿಸಿದವರೂ ಇಲ್ಲ. ಕೋವಿಡ್ ಇರಲಿ ಬಿಡಲಿ, ತಾಯಿ "ಡಾಕ್ಟ್ರೇ ಮಗು ಹಿಡೀತಿಲ್ಲ" ಅಂದರೆ ನೂರರಲ್ಲಿ ತೊಂಬತ್ತು ಇಂಟರ್ನ್ ಹುಡುಗರು "ಸಿಸ್ಟರ್ ಬರ್ತಾರೆ" ಅಂತ ಪರದೆ ಎಳೆದು ಆಚೆ ನಿಲ್ಲುತ್ತಾರೆ. (ಲೆಕ್ಕ ನನ್ನದೇ, ಎಣಿಸಿಲ್ಲ.) ಹುಡುಗಿಯರೂ ಅಷ್ಟೇ, ಒಂದು ಸಲ ಬಗ್ಗಿ ನೋಡುತ್ತಾರೆ, ಆಮೇಲೆ ನಮ್ಮ ಮುಖ ನೋಡುತ್ತಾರೆ. ವೈವಾದಲ್ಲಿ ಕೇಳಿ, ಹಾಲಿನಲ್ಲಿ ಯಾವ ಇಮ್ಯುನೋಗ್ಲಾಬುಲಿನ್ (ರೋಗ ತಡೆಯುವ ಪ್ರೋಟೀನ್) ಅಂತ ಪಟಪಟ ಹೇಳುತ್ತಾರೆ. ಕೈಗೆ ಬಾರದ ಕೆಲಸವನ್ನು ಬೇಡ ಅನ್ನೋಕೆ ಒಂದು ನೆಪ ಸಿಕ್ಕಿದರೆ ಯಾರು ಬಿಡುತ್ತಾರೆ? ಕೋವಿಡ್ ಒಂದು ದೊಡ್ಡ ನೆಪ ಆಯಿತು. ಈಗ ಡೆಂಗ್ಯೂ.

ನಾಲ್ಕು ಗುರುತು ನೋಡಿ ಸಾಕು. ಮಗುವಿನ ಬಾಯಿ ದೊಡ್ಡದಾಗಿ ತೆರೆದಿರಬೇಕು. ಕೆಳತುಟಿ ಆಚೆ ಮಡಚಿರಬೇಕು. ಗದ್ದ ಎದೆಗೆ ತಾಗಿರಬೇಕು. ಮೊಲೆಯ ಸುತ್ತಿನ ಕಪ್ಪು ಭಾಗ ಮೇಲೆ ಹೆಚ್ಚು ಕಾಣಬೇಕು, ಕೆಳಗೆ ಕಮ್ಮಿ. ಇದು ಐದು ನಿಮಿಷದ ಕೆಲಸ. ತಾಯಿಗೆ ನೋಯುತ್ತಿದ್ದರೆ ಹಿಡಿತ ತಪ್ಪಾಗಿದೆ ಅಂತ ಅರ್ಥ. ಆಗ ಎಳೆಯಬೇಡಿ, ನಿಮ್ಮ ಕಿರುಬೆರಳು ಮಗುವಿನ ಬಾಯಿಯ ಮೂಲೆಯಲ್ಲಿ ಹಾಕಿ ಮೆಲ್ಲಗೆ ಬಿಡಿಸಿ, ಮತ್ತೆ ಹಿಡಿಸಿ.

ಇನ್ನು ಹಾಲು ಹಿಂಡೋದು. ಹೆಬ್ಬೆರಳು ಮೇಲೆ, ತೋರುಬೆರಳು ಕೆಳಗೆ, ಕಪ್ಪು ಭಾಗದ ಅಂಚಿಗೆ. ಮೊದಲು ಹಿಂದಕ್ಕೆ ಎದೆಗೂಡಿನ ಕಡೆ ಒತ್ತಿ, ಆಮೇಲೆ ಬೆರಳು ಕೂಡಿಸಿ, ಬಿಡಿ. ಚರ್ಮದ ಮೇಲೆ ಜಾರಿಸಬೇಡಿ, ಮೊಲೆತೊಟ್ಟನ್ನೇ ಹಿಚುಕಬೇಡಿ. ಮೊದಲ ದಿನ ಒಂದೆರಡು ಚಮಚ ಹಳದಿ ಹಾಲು ಬಂದರೆ "ಹಾಲೇ ಇಲ್ಲ" ಅಂತ ಬರೆಯಬೇಡಿ ಮಾರಾಯ್ರೆ. ಮೊದಲ ದಿನದ ಕೂಸಿಗೆ ಬೇಕಾಗೋದೇ ಅಷ್ಟು. ಆ ಹಾಲನ್ನು ಒಳಲೆಯಲ್ಲಿ, ಅಂದರೆ ಮೂತಿ ಇರುವ ಪುಟ್ಟ ಬಟ್ಟಲಲ್ಲಿ ಕೊಡಿ. ಬಾಟಲಿ ಬೇಡ. ನನ್ನ ಹೆಸರು ಯಾಕೆ ಹೀಗೆ ಇದೆ ಅಂತ ಈಗ ಗೊತ್ತಾಯಿತಲ್ಲ.

ಕೋವಿಡ್ ಸಮಯದಲ್ಲಿ ಒಳ್ಳೆ ಮನಸ್ಸಿನವರು ಕಿಟ್ ಹಂಚುವಾಗ ಪುಡಿ ಹಾಲಿನ ಡಬ್ಬಿಯನ್ನೂ ತಂದು ವಾರ್ಡಿನಲ್ಲಿ ಇಟ್ಟು ಹೋದರು. 1992ರ ಕಾನೂನು ಇದೆ, ಅನಾಥಾಲಯ ಬಿಟ್ಟು ಬೇರೆ ಕಡೆ ಹಾಗೆ ದಾನ ಮಾಡುವ ಹಾಗಿಲ್ಲ. ನಮ್ಮ ಇಂಟರ್ನ್‌ಗಳಲ್ಲಿ ಒಬ್ಬರಿಗೂ ಅದು ಗೊತ್ತಿರಲಿಲ್ಲ, ಡಬ್ಬಿ ಜೊತೆ ನಿಂತು ಫೋಟೋ ಕೂಡ ತೆಗೆಸಿಕೊಂಡರು.

---

ಗಾಗಲ್ ಮಂಜು ಉತ್ತರ:

ಸಿಸ್ಟರ್, ನೂರರಲ್ಲಿ ತೊಂಬತ್ತು ಅಂದಿದ್ದು ಕಮ್ಮಿ ಆಯ್ತು. ಪರದೆ ಆಚೆ ನಿಂತವರಲ್ಲಿ ನಾನೂ ಒಬ್ಬ.

---

ತೊಟ್ಟಿಲು ಬಾಗಿಲು ಉತ್ತರ:

ನಾನು ಡಾಕ್ಟರ್ ಅಲ್ಲ. ಮಂಚದ ಮೇಲೆ ಇದ್ದವಳು. 2020ರ ಸೆಪ್ಟೆಂಬರ್, ಮೊದಲ ಹೆರಿಗೆ, ದಾಖಲಾದಾಗ ಮಾಡಿದ ಟೆಸ್ಟ್ ಪಾಸಿಟಿವ್. ಆಸ್ಪತ್ರೆ ಹೆಸರು ಬರೆಯಲ್ಲ.

ನನ್ನ ಹತ್ತಿರ ದಿನಾ ಬರುತ್ತಿದ್ದದ್ದು ಒಬ್ಬ ಚಿಕ್ಕ ಡಾಕ್ಟರ್. ಮುಖ ಇವತ್ತಿನ ತನಕ ನೋಡಿಲ್ಲ, ಕಣ್ಣು ಮಾತ್ರ. ಒಳ್ಳೆ ಹುಡುಗಿ. ಮಗುವಿಗೆ ಹಾಲು ಕುಡಿಸಬಹುದಾ ಅಂತ ಕೇಳಿದೆ. ಆಕೆ ಹೇಳಿದ್ದು: "ಕುಡಿಸಬಹುದು ಅಂತ ಇದೆ. ಆದರೆ ನಿಮ್ಮಿಷ್ಟ." ಈ "ನಿಮ್ಮಿಷ್ಟ" ಅನ್ನೋ ಪದ ಇದೆಯಲ್ಲ, ಅದರ ಮೇಲೆ ನನಗೆ ಇವತ್ತಿಗೂ ಸಿಟ್ಟು. ಜ್ವರ ಇರುವ, ಹೊಲಿಗೆ ನೋಯುತ್ತಿರುವ, ಗಂಡನ ಮುಖ ನೋಡದೆ ಮೂರು ದಿನ ಆಗಿರುವ ಹೆಂಗಸಿಗೆ ನಿಮ್ಮಿಷ್ಟ ಅಂದರೆ ಏನರ್ಥ? ಡಾಕ್ಟರೇ ಹಿಂದೆ ಸರಿಯುತ್ತಿದ್ದಾರೆ ಅಂದರೆ ಏನೋ ಅಪಾಯ ಇದೆ ಅಂತ ನಾನು ತಿಳಿದುಕೊಂಡೆ. ಫೋನಿನಲ್ಲಿ ಅತ್ತೆ ಬೇಡವೇ ಬೇಡ ಅಂದರು. ನಾನೂ ಬೇಡ ಅಂದೆ. ಕೇಸ್‌ಶೀಟಿನಲ್ಲಿ ಏನು ಬರೆದರು ಗೊತ್ತಾ? ತಾಯಿ ಒಪ್ಪಲಿಲ್ಲ ಅಂತ. ಡಿಸ್ಚಾರ್ಜ್ ಆಗುವಾಗ ಓದಿದೆ.

ಒಂಬತ್ತು ದಿನ ಆದಮೇಲೆ ಮಗು ಕೈಗೆ ಬಂತು. ಎದೆಗೆ ಹಾಕಿದರೆ ಮುಖ ತಿರುಗಿಸುತ್ತಿತ್ತು, ಬಾಟಲಿಗೆ ಒಗ್ಗಿಹೋಗಿತ್ತು. ನನಗೂ ಹಾಲು ಬತ್ತಿದ ಹಾಗೆ ಆಗಿತ್ತು. ಅಮ್ಮ ಸಬ್ಬಸಿಗೆ ಸೊಪ್ಪು, ಬೆಳ್ಳುಳ್ಳಿ ಸಾರು, ಎಲ್ಲ ಮಾಡಿ ಹಾಕಿದರು. ಅದರಿಂದ ಏನಾದರೂ ಆಯಿತೋ ಇಲ್ಲವೋ. ಕೆಲಸ ಮಾಡಿದ್ದು ನಮ್ಮೂರಿನ ಆಶಾ ಹೇಳಿಕೊಟ್ಟ ಉಪಾಯ. ಮಗುವನ್ನು ಎದೆಗೆ ಹಾಕಿಕೊಂಡು ಮೇಲಿನಿಂದ ಚಮಚದಲ್ಲಿ ಹನಿ ಹನಿ ಹಾಲು ಬಿಡೋದು. ಹನಿ ಹರಿದು ತೊಟ್ಟಿಗೆ ಬಂದಾಗ ಮಗು ಚೀಪುತ್ತದೆ, ಚೀಪಿದರೆ ಹಾಲು ಬರುತ್ತದೆ. ಹಗಲೂ ರಾತ್ರಿ ಎರಡು ಗಂಟೆಗೊಮ್ಮೆ. ಹನ್ನೆರಡು ದಿನ ಹಿಡಿಯಿತು. ಹದಿಮೂರನೇ ದಿನ ಗುಟುಕು ನುಂಗುವ ಸದ್ದು ಕೇಳಿತು ನೋಡಿ, ಅಮ್ಮ ಅಡುಗೆಮನೆಯಿಂದ ಓಡಿ ಬಂದರು.

ಆ ಹುಡುಗಿಯನ್ನು ಬೈಯಲು ಬರೆದದ್ದಲ್ಲ. ಆಕೆಗೂ ಆಗ 23, 24 ಇರಬೇಕು. ನೀವು ನಾಳೆ ಆ ತಾಯಿ ಹತ್ತಿರ ಹೋದಾಗ "ನಿಮ್ಮಿಷ್ಟ" ಅನ್ನಬೇಡಿ. "ಕುಡಿಸಿ, ನಾನು ಇಲ್ಲೇ ನಿಂತಿರ್ತೀನಿ" ಅನ್ನಿ.

---

ಅರ್ಧ ಕಾಫಿ ಉತ್ತರ:

ಪೀಡಿಯಾಟ್ರಿಕ್ಸ್ (ಮಕ್ಕಳ ವಿಭಾಗ) ಎಸ್‌ಆರ್, ಅಂದರೆ ಸೀನಿಯರ್ ರೆಸಿಡೆಂಟ್. ಭಾವನೆ ಎಲ್ಲ ಮೇಲೆ ಬಂದಿದೆ, ನಾನು ಬೆಳಿಗ್ಗೆ ರೌಂಡ್ಸ್‌ಗೆ ಬೇಕಾದದ್ದು ಮಾತ್ರ ಬರೆಯುತ್ತೇನೆ.

ಡೆಂಗ್ಯೂ ಮೊದಲು. ಎದೆಹಾಲಿನಲ್ಲಿ ಡೆಂಗ್ಯೂ ವೈರಸ್‌ನ ಅಂಶ ಸಿಕ್ಕಿದೆ, ಅದು ನಿಜ. ನಿಮ್ಮ ಗೆಳೆಯ ಅದನ್ನೇ ಹಿಡಿದು ವಾದಿಸಬಹುದು. ಆದರೂ ತಾಯಿ ಗಟ್ಟಿಯಾಗಿದ್ದರೆ ಕುಡಿಸುವುದನ್ನು ನಿಲ್ಲಿಸಬೇಕಿಲ್ಲ, ಹಾಲಿನ ಲಾಭದ ಮುಂದೆ ಆ ಅಪಾಯ ತೀರಾ ಸಣ್ಣದು. ನಿಜವಾಗಿ ನೋಡಬೇಕಾದದ್ದು ಬೇರೆ ಇದೆ. ಹೆರಿಗೆ ಹತ್ತಿರದಲ್ಲಿ ತಾಯಿಗೆ ಡೆಂಗ್ಯೂ ಬಂದಿದ್ದರೆ ವೈರಸ್ ಹೊಟ್ಟೆಯಲ್ಲೇ ಮಗುವಿಗೆ ದಾಟಿರಬಹುದು. ನಿಮ್ಮ ಕೇಸಿನಲ್ಲಿ ಜ್ವರ ಮಾರನೇ ದಿನವೇ ಬಂದಿದೆ, ಅಂದರೆ ಹೆರಿಗೆ ದಿನವೇ ರಕ್ತದಲ್ಲಿ ಇದ್ದಿರಬೇಕು. ಹಾಗಾಗಿ ಮಗುವಿಗೆ ಒಂದು ವಾರ, ಹತ್ತು ದಿನ ಜ್ವರ, ಮೈಮೇಲೆ ಕೆಂಪು ಚುಕ್ಕೆ, ಹಾಲು ಕಮ್ಮಿ ಕುಡಿಯೋದು, ಪ್ಲೇಟ್‌ಲೆಟ್, ಇವುಗಳ ಮೇಲೆ ಕಣ್ಣಿಡಿ. ಮಗುವನ್ನು ಅಜ್ಜಿ ಕೈಗೆ ಕೊಟ್ಟು ಬೆಂಚಿನ ಮೇಲೆ ಕೂರಿಸಿದರೆ ಇದನ್ನೆಲ್ಲ ನೋಡುವವರು ಯಾರು? ತಾಯಿಗೆ ಪ್ಯಾರಸಿಟಮಾಲ್ ಕೊಡಬಹುದು, ಹಾಲಿಗೆ ತೊಂದರೆ ಇಲ್ಲ. ಬ್ರುಫೆನ್, ಡೈಕ್ಲೋಫೆನಾಕ್ ಮುಟ್ಟಬೇಡಿ, ಅದು ಡೆಂಗ್ಯೂವಿನ ಕಾರಣಕ್ಕೆ. ಹೆರಿಗೆ ವಾರ್ಡಿನಲ್ಲಿ ನೋವಿಗೆ ಅಭ್ಯಾಸಬಲದಿಂದ ಡೈಕ್ಲೋ ಬರೆದಿರುತ್ತಾರೆ, ಡ್ರಗ್ ಚಾರ್ಟ್ ಈಗಲೇ ತೆಗೆದು ನೋಡಿ.

ಉಳಿದ ಕಾಯಿಲೆಗಳು. ಟಿಬಿ ಇದ್ದರೂ ಕುಡಿಸಬಹುದು, ತಾಯಿಗೆ ಮಾಸ್ಕ್, ಮಗುವಿಗೆ ಟಿಬಿ ತಡೆಯುವ ಐಎನ್‌ಎಚ್ ಔಷಧ. ಹೆಪಟೈಟಿಸ್ ಬಿ ಇದ್ದರೂ ಕುಡಿಸಬಹುದು, ಮಗುವಿಗೆ ಲಸಿಕೆ ಮತ್ತು ಇಮ್ಯುನೋಗ್ಲಾಬುಲಿನ್ ಸಮಯಕ್ಕೆ ಸರಿಯಾಗಿ ಹೋಗಬೇಕು. ಎಚ್‌ಐವಿ ಇದ್ದರೆ ಎಆರ್‌ಟಿ (ಎಚ್‌ಐವಿ ಔಷಧ) ಜೊತೆಗೆ, ಅದು ಬೇರೆಯದೇ ಚರ್ಚೆ, ಎಆರ್‌ಟಿ ಸೆಂಟರ್ ಜೊತೆ ಮಾತಾಡಿ. ಸ್ವಲ್ಪ ದಿನ ಬೇರೆ ಇಡಬೇಕಾಗಿ ಬರುವುದು ಚಿಕನ್‌ಪಾಕ್ಸ್‌ನಲ್ಲಿ, ಹೆರಿಗೆಗೆ 5 ದಿನ ಮುಂಚಿನಿಂದ 2 ದಿನ ಆಮೇಲಿನ ತನಕ ಬಂದಿದ್ದರೆ. ಆಗಲೂ ಎದೆ ಮೇಲೆ ಗುಳ್ಳೆ ಇಲ್ಲದಿದ್ದರೆ ಹಿಂಡಿದ ಹಾಲು ಕೊಡಬಹುದು. ಎದೆ ಮೇಲೆ ಹರ್ಪಿಸ್ ಗುಳ್ಳೆ ಇದ್ದರೆ ಆ ಕಡೆಯದು ಬೇಡ. ಎದೆಹಾಲನ್ನು ಪೂರ್ತಿಯಾಗಿ ನಿಲ್ಲಿಸಲೇಬೇಕಾದ ಕಾಯಿಲೆಗೆ ಒಂದು ಉದಾಹರಣೆ ಮಗುವಿಗೆ ಗ್ಯಾಲಕ್ಟೋಸೀಮಿಯಾ (ಹಾಲಿನ ಸಕ್ಕರೆಯ ಅಂಶ ಅರಗದ ಹುಟ್ಟು ಕಾಯಿಲೆ) ಇರೋದು. ಅದು ಸೋಂಕೇ ಅಲ್ಲ. ಅದನ್ನು ನೋಡಲು ಸಿಗುವುದೇ ಅಪರೂಪ.

ಲಸಿಕೆ ವಿಷಯದಲ್ಲೂ ಇದೇ ಕತೆ ಆಗಿತ್ತು. 2021ರ ಜನವರಿಯಲ್ಲಿ ಕೋವಿಡ್ ಲಸಿಕೆ ಶುರುವಾದಾಗ ಹಾಲು ಕುಡಿಸುವ ತಾಯಂದಿರಿಗೆ ಕೊಡುತ್ತಿರಲಿಲ್ಲ. ಮೇ 19ಕ್ಕೆ ಕೇಂದ್ರ ಸರ್ಕಾರ ಕೊಡಬಹುದು ಅಂದಿತು. ಆಮೇಲೂ ನಮ್ಮ ಕ್ಯಾಂಪಿನಲ್ಲಿ ಇಂಟರ್ನ್‌ಗಳು "ಹಾಲು ಕುಡಿಸ್ತೀರಾ? ಹಾಗಾದ್ರೆ ಆಮೇಲೆ ಬನ್ನಿ" ಅಂತ ವಾಪಸ್ ಕಳಿಸುತ್ತಿದ್ದರು. ಕೆಲವರು ಎರಡು ದಿನ ಹಾಲು ಚೆಲ್ಲಿ ಅಂತಲೂ ಹೇಳಿದ್ದರು. ಎರಡು ದಿನ ಯಾಕೆ, ಮೂರು ಯಾಕಲ್ಲ ಅಂತ ಕೇಳಿದರೆ ಉತ್ತರ ಇರಲಿಲ್ಲ.

---

ರೇಷ್ಮೆ ಗೂಡು ಉತ್ತರ:

ಡೈಕ್ಲೋ ಪಾಯಿಂಟ್ ಒಳ್ಳೆಯದು. 2024ರಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ಅಂತ ಘೋಷಿಸಿದ ವರ್ಷ ನಮ್ಮಲ್ಲೂ ಹೀಗೇ ಆಗಿತ್ತು. "ಸಾಂಕ್ರಾಮಿಕ" ಅನ್ನೋ ಪದ ಕೇಳಿದ ತಕ್ಷಣ ಮಾಸ್ಕ್ ಹಾಕಿಕೊಂಡು ಡೆಂಗ್ಯೂ ವಾರ್ಡಿಗೆ ಬಂದ ಇಂಟರ್ನ್‌ಗಳನ್ನು ನೋಡಿದ್ದೇನೆ. ಸೊಳ್ಳೆಗೆ ಮಾಸ್ಕ್ ಹಾಕಿದರೂ ಅರ್ಥ ಇರುತ್ತಿತ್ತು.

---

ಹಾಸ್ಟೆಲ್ ಸಾರು ಉತ್ತರ:

ಎಲ್ಲರಿಗೂ ಥ್ಯಾಂಕ್ಸ್. ಏನಾಯಿತು ಅಂತ ಹೇಳುತ್ತೇನೆ.

ರಾತ್ರಿಯೇ ಪಿಜಿ ಅಕ್ಕನಿಗೆ ಫೋನ್ ಮಾಡಿದೆ. ಅವರು "ಯಾರು ನಿಲ್ಲಿಸಿದ್ದು?" ಅಂತ ಮೊದಲು ಕಿರುಚಿ, ಆಮೇಲೆ ಮಗುವನ್ನು ಪಕ್ಕಕ್ಕೆ ಹಾಕಿಸು ಅಂದರು. ಡ್ರಗ್ ಚಾರ್ಟ್ ನೋಡಿದೆ, ಡೈಕ್ಲೋಫೆನಾಕ್ ಇತ್ತು! ಎರಡು ಡೋಸ್ ಹೋಗಿಬಿಟ್ಟಿತ್ತು. ನಿಲ್ಲಿಸಿದೆವು. ಬೆಳಗಿನ ಪ್ಲೇಟ್‌ಲೆಟ್ 81 ಸಾವಿರ, ತಾಯಿ ಆರಾಮ. ಮಗುವಿಗೆ ಸದ್ಯ ಜ್ವರ ಇಲ್ಲ.

ಹಾಲು ಕುಡಿಸುವಾಗ ಪರದೆ ಒಳಗೇ ನಿಂತೆ, ನಾಲ್ಕು ಗುರುತು ನೋಡಿದೆ. ಮೊದಲ ಸಲ ಕೆಳತುಟಿ ಒಳಗೆ ಮಡಚಿತ್ತು, ತಾಯಿ ಹಲ್ಲು ಕಚ್ಚಿ ಕೂತಿದ್ದರು. ಕಿರುಬೆರಳು ಹಾಕಿ ಬಿಡಿಸಿ ಮತ್ತೆ ಹಿಡಿಸಿದೆ. ಮೂರನೇ ಸಲಕ್ಕೆ ಸರಿಹೋಯಿತು. ನನ್ನ ಬ್ಯಾಚಿನ ಆ ಹುಡುಗನನ್ನೂ ಎಳೆದುಕೊಂಡು ಹೋಗಿದ್ದೆ, ತಾಯಿಯನ್ನು ಕೇಳಿಯೇ. ಪೂರ್ತಿ ಹೊತ್ತು ಸೀಲಿಂಗ್ ಫ್ಯಾನ್ ನೋಡುತ್ತಿದ್ದ. ಆಮೇಲೆ ಆಚೆ ಬಂದು "ಗದ್ದ ತಾಗಿರಬೇಕು ಅಂದ್ಯಲ್ಲ, ತಾಗಿತ್ತಾ?" ಅಂತ ಕೇಳಿದ.

ಸೊಳ್ಳೆ ಪರದೆಗೆ ಇಂಡೆಂಟ್ ಹಾಕಿದೆ. ಸ್ಟೋರಿನಲ್ಲಿ ಸೋಮವಾರ ಬನ್ನಿ ಅಂದರು. ತಾಯಿಯ ತಮ್ಮ ಸಂತೆಗೆ ಹೋಗಿ ಮಕ್ಕಳಿಗೆ ಹಾಕುವ ಕೊಡೆಯಂಥ ಗುಲಾಬಿ ಪರದೆ ಒಂದು, ದೊಡ್ಡದು ಒಂದು ತಂದಿದ್ದಾನೆ. ರಾತ್ರಿ ಕಟ್ಟಿಕೊಳ್ಳಿ ಅಂತ ಹೇಳಿ ಬಂದಿದ್ದೇನೆ.

---

ಒಳಲೆ ಉತ್ತರ:

ರಾತ್ರಿ ಅಲ್ಲಮ್ಮ, ಹಗಲು! ಆ ಸೊಳ್ಳೆ ಕಚ್ಚೋದೇ ಬೆಳಿಗ್ಗೆ ಮತ್ತು ಸಂಜೆ. ಈಗಲೇ ಹೋಗಿ ಕಟ್ಟಿಸಿ. ಹಾಗೇ ಮಂಚದ ಕೆಳಗೆ ಬಕೆಟ್ ನೀರು ಏನಾದರೂ ನಿಂತಿದೆಯಾ ನೋಡಿ.